ಅಮ್ಮ ಎರಡು ಸಲ ನೋಡುವ ಹಾಲಿನ ಪಾತ್ರೆ

ಬೋರ್ಡಿನ ಮೇಲೆ ಎರಡನೇ ಸಲ ‘ಇಫ್’ ಬರೆದವಳು ಹಾಗೇ ನಿಂತುಬಿಟ್ಟೆ.

ನಿನ್ನೆ ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಎಂಸಿಎ ಮಕ್ಕಳಿಗೆ ಸಿಂಗಲ್‌ಟನ್ ಪಾಠ. ಇಡೀ ಪ್ರೋಗ್ರಾಮಿಗೆ ಒಂದೇ ಆಬ್ಜೆಕ್ಟ್. ಮೊದಲು ಯಾರು ಕೇಳುತ್ತಾರೋ ಆಗ ಅದು ಹುಟ್ಟಬೇಕು, ಆಮೇಲೆ ಬಂದವರಿಗೆಲ್ಲ ಅದೇ.

ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳೇ ಥ್ರೆಡ್‌ಗಳು. ಅಂಥ ಎರಡು ಒಟ್ಟಿಗೆ ಬಂದು, ‘ಇನ್ನೂ ಇಲ್ಲ’ ಎಂದುಕೊಂಡರೆ ಎರಡೂ ಒಂದೊಂದು ಮಾಡಿಬಿಡುತ್ತವೆ. ಅದಕ್ಕೇ ಮೊದಲು ನೋಡಬೇಕು. ಆಬ್ಜೆಕ್ಟ್ ಇನ್ನೂ ಇಲ್ಲದಿದ್ದರೆ, ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಲಾಕ್ ಹಿಡಿಯಬೇಕು. ಹಿಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಮುಂದಿನ ಬೆಂಚಿನ ನಗ್ಮಾ ಕೇಳಿದಳು, "ಈಗ್ತಾನೆ ನೋಡಿದ್ವಲ್ಲ ಮೇಡಂ, ಮತ್ತೆ ಯಾಕ್ ನೋಡ್ಬೇಕು?"

ಇದೇ ಪ್ರಶ್ನೆಯನ್ನು ನಾನು ಕೆಲವು ವಾರಗಳಿಂದ ಅಮ್ಮನ ವಿಷಯದಲ್ಲಿ ಕೇಳಿಕೊಳ್ಳುತ್ತಿದ್ದೆ.

ಚಿಕ್ಕಮ್ಮ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇದ್ದಾಳೆ. ಸಂಜೆ ಹಾಲಿನ ಪಾತ್ರೆ ನೋಡುತ್ತಾಳೆ. ಮೊಳೆಗೆ ನೇತುಹಾಕಿದ ಸೌಟು ತರುತ್ತಾಳೆ. ಮತ್ತೆ ಪಾತ್ರೆ ನೋಡುತ್ತಾಳೆ, ಮೊದಲು ನೋಡೇ ಇಲ್ಲವೇನೋ ಎಂಬಂತೆ. ಆಮೇಲೆ ಹೆಪ್ಪು.

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮರೆವೂ ಇಂಥ ಸಣ್ಣ ವಿಷಯಗಳಲ್ಲೇ ಶುರುವಾಗಿತ್ತು... ಅಮ್ಮನಿಗೆ ಹೇಳದೆ ಇವತ್ತಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೆ.

ಬೋರ್ಡಿನ ಮುಂದೆ ನಿಂತವಳಿಗೆ ನಮ್ಮ ಹಳೆಯ ಮನೆ ಕಣ್ಣಿಗೆ ಬಂತು.

ನೇಕಾರರ ಮನೆ. ಹಜಾರದ ತುಂಬ ಪವರ್‌ಲೂಮ್‌ಗಳು. ಆ ಸದ್ದಿನಲ್ಲಿ ಪಕ್ಕದಲ್ಲಿದ್ದವರು ಕೂಗಿದರೂ ಕೇಳದು. ಅಮ್ಮ, ಚಿಕ್ಕಮ್ಮ ಇಬ್ಬರೂ ನೂಲು ಸುತ್ತುವ ಕೆಲಸದ ನಡುವೆ ಅಡುಗೆಮನೆಗೆ ಓಡಿಬರುತ್ತಿದ್ದರು.

ಹೆಪ್ಪು ಬಿದ್ದ ಹಾಲೂ ಬೀಳದ ಹಾಲೂ ನೋಡಲು ಒಂದೇ. ಇಬ್ಬರೂ ಹಾಕಿಬಿಡುತ್ತಿದ್ದರು. ಬೆಳಿಗ್ಗೆ ಮೊಸರೂ ಹುಳಿ, ಅಜ್ಜಿಯ ಮುಖವೂ ಹುಳಿ.

ಕೊನೆಗೆ ಓರಗಿತ್ತಿಯರಿಬ್ಬರೇ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ಹೆಪ್ಪು ಹಾಕಿದವಳು ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಬೇಕು. ಬಟ್ಟೆ ಕಾಣದಿದ್ದರೆ ಮೊಳೆಯಲ್ಲಿರುವ ಹಿತ್ತಾಳೆ ಸೌಟು ಹಿಡಿಯಬೇಕು, ಇರುವುದು ಅದೊಂದೇ. ಸೌಟು ಇಲ್ಲವಾದರೆ ಇನ್ನೊಬ್ಬಳ ಕೈಯಲ್ಲಿದೆ ಎಂದರ್ಥ, ಕಾಯಬೇಕು.

ಸೌಟು ಕೈಗೆ ಬಂದ ಮೇಲೂ ಪಾತ್ರೆಯನ್ನು ಮತ್ತೆ ನೋಡಬೇಕು. ಅಷ್ಟರಲ್ಲಿ ಅವಳು ಹೆಪ್ಪು ಹಾಕಿ ಬಟ್ಟೆ ಕಟ್ಟಿರಬಹುದಲ್ಲ.

ಎಷ್ಟೋ ವರ್ಷಗಳಿಂದ ಇದು ನನಗೆ ನೆನಪೇ ಇರಲಿಲ್ಲ. ಕ್ಲಾಸಿಗೆಲ್ಲ ಹೇಳಿದೆ.

"ಹಂಗಾದ್ರೆ ನಿಮ್ಮಮ್ಮ ಥ್ರೆಡ್ ಸೇಫ್ ಬಿಡಿ ಮೇಡಂ," ಎಂದಳು ನಗ್ಮಾ. ಎಷ್ಟು ಥ್ರೆಡ್ ಒಟ್ಟಿಗೆ ಬಂದರೂ ಎಡವದ ಕೋಡಿಗೆ ಹಾಗೆನ್ನುತ್ತಾರೆ. ಎಲ್ಲರೂ ನಕ್ಕರು. ಆಮೇಲೆ ಅವಳೇ ಕೇಳಿದಳು, ಥ್ರೆಡ್ ಒಂದೇ ಇದ್ದರೆ ಈ ಲಾಕ್ ಬೇಡ ಅಲ್ಲವಾ ಅಂತ.

ಬೇಡ ಎಂದೆ. ಪಾಠಕ್ಕೆ ಅದೇ ಸರಿಯಾದ ಉತ್ತರ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಮ್ಮ ಪಾತ್ರೆ ನೋಡಿದಳು, ಸೌಟು ತಂದಳು. ಆ ಮನೆಯಿಂದ ಅವಳು ತಂದ ಅದೇ ಹಿತ್ತಾಳೆ ಸೌಟು. ಮತ್ತೆ ನೋಡಿದಳು.

ಈಗ ಯಾಕಮ್ಮ ಎರಡು ಸಲ ನೋಡುತ್ತೀಯ ಎಂದು ಕೇಳಿಯೇಬಿಟ್ಟೆ.

"ನಿಮ್ಮ ಚಿಕ್ಕಮ್ಮ ಹಾಕಿರ್ತಾಳೇನೋ ಅಂತ."

ನಾನು ಅವಳ ಮುಖವನ್ನೇ ನೋಡಿದೆ. ಅವಳು ಹೆಪ್ಪು ಹಾಕಿ, ನಿಧಾನವಾಗಿ ಬಟ್ಟೆ ಕಟ್ಟಿದಳು.

"ಹಂಗ್ ನೋಡ್ಬೇಡ ಕಣೆ. ಅವಳಿಲ್ಲ ಅಂತ ನಂಗೊತ್ತು. ನೋಡೋದ್ ಬಿಟ್ಬಿಟ್ರೆ, ಇನ್ನು ಬರ್ಬೇಡ ಅಂತ ನಾನೇ ಅವಳಿಗೆ ಹೇಳ್ದಂಗಾಗುತ್ತೆ."

ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ.

ಇವತ್ತು ಕಾಲೇಜಿನಿಂದ ಬಂದವಳೇ ಹೆಪ್ಪು ಹಾಕಲು ಅಡುಗೆಮನೆಗೆ ಬಂದಿದ್ದೇನೆ. ಪಾತ್ರೆಗೆ ಇನ್ನೂ ಬಟ್ಟೆ ಕಟ್ಟಿಲ್ಲ. ಮೊಳೆಯಲ್ಲಿ ಸೌಟಿಲ್ಲ, ಅಮ್ಮನ ಕೈಯಲ್ಲಿದೆ.

ಕಾಯುತ್ತಿದ್ದೇನೆ.