ನಾನು ಒತ್ತಿದ ಒಪ್ಪಿಗೆ

ಕೆ.ಆರ್. ಪುರದ ತೂಗುಸೇತುವೆಯ ಬಳಿ ನಮ್ಮ ಕಾರು ನಿಂತು ಇಪ್ಪತ್ತು ನಿಮಿಷವಾಗಿತ್ತು. ಕಾರು ಓಡಿಸುತ್ತಿದ್ದವರು ನನ್ನ ಯಜಮಾನರು. ಹಿಂದಿನ ಸೀಟಿನ ಮೇಲಿದ್ದ ಅವರ ಚೀಲದಲ್ಲಿ, ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರನ್ನು ಕೆಲಸದಿಂದ ತೆಗೆಯುವ ಪತ್ರವಿತ್ತು. ಕಂಪನಿಗೆ ನಾನೂ ಬರುತ್ತೇನೆಂದು ಹಟ ಮಾಡಿ ಹೊರಟಿದ್ದ ನಾನು ಕಿಟಕಿಯ ಗಾಜು ಇಳಿಸುವುದು, ಏರಿಸುವುದು, ಅಷ್ಟೇ ಮಾಡುತ್ತಿದ್ದೆ.

ಮಹದೇವಪುರದಲ್ಲಿರುವ ಅವರ ಕಂಪನಿ ಶಾಲೆಗಳಿಗೆ ಯೂನಿಫಾರ್ಮ್ ಹೊಲಿದುಕೊಡುತ್ತದೆ. ಒಂದು ಶಾಲೆ ಈ ವರ್ಷ ನೀಲಿ ಸ್ಕರ್ಟು ಕೇಳಿತ್ತು. ಹೊಲಿದಿಟ್ಟದ್ದೆಲ್ಲ ಹೋದ ವರ್ಷದ ಹಸಿರು.

"ನನ್ನನ್ನ ಒಂದು ಮಾತು ಕೇಳ್ದೆ ಕತ್ತರಿ ಹಾಕ್ಬಿಟ್ಟಿದಾನೆ," ಎಂದು ಹಿಂದಿನ ದಿನವೆಲ್ಲ ಇವರು ಕುದಿಯುತ್ತಿದ್ದರು.

ಕೇಳಿರಲಿಲ್ಲವೇ? ಕಂಪನಿಗೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಪ್ರತಿ ಕೆಲಸಕ್ಕೂ ಇವರ ಒಪ್ಪಿಗೆ ಬೇಕು. ಅದನ್ನು ಕೇಳುವ ಸಾಲುಗಳು ಫೋನಿಗೇ ಬರುತ್ತವೆ. ಇವರಿಗೆ ಅದು ಐಟಿಯವರ ಗೋಜು. ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತ, "ಎಲ್ಲಾ ಓಕೆ ಮಾಡ್ಬಿಡೇ," ಎಂದು ಫೋನನ್ನು ನನ್ನ ಕೈಗೆ ಕೊಡುತ್ತಿದ್ದರು. ಸಾಲನ್ನು ಮುಟ್ಟಿದರೆ ಒಳಗೆ ಬರೆದದ್ದು ತೆರೆದುಕೊಳ್ಳುತ್ತದೆಂದು ನನಗೆ ಗೊತ್ತಿತ್ತು. ಆದರೂ ಹಾಲು ಉಕ್ಕುವುದರೊಳಗೆ ಮುಗಿಯಲಿ ಎಂದು ಬರೀ ಬಟನ್ ಒತ್ತುತ್ತಿದ್ದೆ. ಓದದೆ ಸಹಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಬೆರಳು ಒತ್ತುವುದೂ ಸಹಿಯೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ರೀ, ಆ ಸ್ಕರ್ಟಿನ ಓಕೆ ನಾನೇ ಒತ್ತಿರ್ಬೇಕು."

"ಯಾವ ಓಕೆ?"

"ದಿನಾ ನಿಮ್ ಫೋನಲ್ಲಿ ಒತ್ತೋದು."

"ಅಯ್ಯೋ, ಅದು ಮೆಸೇಜ್ ಬಂತು ಅಂತ ಹೇಳೋಕೆ ಕಣೇ."

"ಅಲ್ಲ ಕಣ್ರೀ. ಅದೇ ನಿಮ್ಮ ಅಪ್ಪಣೆ."

ಹಿಂದಿನವನ ಹಾರ್ನ್ ಕಿವಿ ಕೊರೆಯಿತು. ಇವರು ಗೇರು ಹಾಕಿದರು. "ಅಲ್ಲಿ ಯಾರ ಮುಂದೆನೂ ಬಾಯಿ ಬಿಡ್ಬೇಡ. ನನ್ನ ಮರ್ಯಾದೆ ಏನಾಗ್ಬೇಕು?"

ಇಷ್ಟು ದೊಡ್ಡ ಕುರ್ಚಿಯಲ್ಲಿ ಕೂರುವವರು ಕಂಪ್ಯೂಟರ್ ಬಿಚ್ಚಿ ಜೋಡಿಸಲು ಕಲಿಯಬೇಕಿಲ್ಲ. ತಮ್ಮ ಹೆಸರಿನಲ್ಲಿ ಅದು ಏನು ಮಾಡುತ್ತದೆ ಎಂದಾದರೂ ತಿಳಿದಿರಬೇಡವೇ? ಹಾಗೆ ಕೇಳುವ ಧೈರ್ಯ ಕಾರಿನಲ್ಲಿ ಬರಲಿಲ್ಲ.

ಕಟಿಂಗ್ ಮಾಸ್ಟರು ಶಿವಾಜಿನಗರದವರು, ನರೆತ ಗಡ್ಡದ ಹಿರಿಯರು. ನಾವು ಕಂಪನಿಯ ಒಳಗೆ ಹೋದಾಗ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಮೇಜಿನ ಹಿಂದೆ ನಿಂತಿದ್ದರು. ಇವರು ಚೀಲದ ಜಿಪ್ಪು ಎಳೆದು ತೆರೆದರು. ಆ ಸದ್ದಿಗೆ ನನಗೆ ತಡೆಯಲಾಗಲಿಲ್ಲ.

"ಮಾಸ್ಟರ್, ನಿಮಗೆ ಓಕೆ ಕೊಟ್ಟಿದ್ದು ನಾನು. ಓದ್ದೇ ಒತ್ತಿದೆ."

"ಯಾ ಅಲ್ಲಾ! ನೀವಾ ಮೇಡಮ್?" ಅವರು ಅವಸರದಿಂದ ತಮ್ಮ ಫೋನು ತೆಗೆದು ಇವರ ಮುಂದೆ ಹಿಡಿದರು. ಹಸಿರು ತುಂಡು, ನೀಲಿ ತುಂಡು, ಎರಡರ ಫೋಟೋ. ಕೆಳಗೆ: ಆರ್ಡರಿನಲ್ಲಿ ಹಸಿರು ಇದೆ, ಶಾಲೆಯವರು ಕಳಿಸಿದ ಮಾದರಿ ನೀಲಿ, ಹಸಿರೇ ಕತ್ತರಿಸಲೇ?

ಇವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಇಷ್ಟೆಲ್ಲ ಬರ್ದಿದ್ರಾ?"

"ದಿನಾ ಬರೀತೀನಿ ಸಾಬ್. ಟಕ್ ಅಂತ ಓಕೆ ಬರತ್ತೆ. ಸಾಹೇಬ್ರು ಎಷ್ಟು ಬೇಗ ಓದ್ತಾರೆ ನೋಡಿ ಅಂತ ಹೊಲಿಯೋ ಹೆಣ್ಮಕ್ಳಿಗೆಲ್ಲ ಹೇಳ್ತಿದ್ದೆ."

ಮಿಷನ್ನಿನ ಮುಂದಿದ್ದ ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇವರ ಕಿವಿ ಕೆಂಪಾಯಿತು. ಪತ್ರ ತೆಗೆಯದೆಯೇ ಜಿಪ್ಪನ್ನು ಮತ್ತೆ ಮುಚ್ಚಿ ಸ್ಟೂಲಿನ ಮೇಲೆ ಕುಳಿತರು.

"ತಪ್ಪು ನಂದು ಮಾಸ್ಟರ್. ಹಿಂದಿನ್ ಮೆಸೇಜ್ ಎಲ್ಲ ತೋರ್ಸಿ. ಒಂದೊಂದಾಗಿ."

ನಾನು ಇನ್ನೂ ಏನೇನಕ್ಕೆ ಹೂಂ ಎಂದಿದ್ದೆನೋ! ಇವರ ಹೆಗಲ ಮೇಲಿಂದ ಬಗ್ಗಿ ನಾನೂ ಓದತೊಡಗಿದೆ.