ಒಂದೇ ಹೆಸರಿನ ಎರಡು ಪುಸ್ತಕ

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಮೈಕಿನಲ್ಲಿ ಆಡಿ ಹಾಳು ಮಾಡಿದ್ದೇ ಸಾಕು.

ಕೈಲಾಂಚದ ಹತ್ತಿರ ನಮ್ಮ ಮನೆ. ನಾನು ಕನ್ನಡ ಟೀಚರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ರಾಮನಗರದ ಸುತ್ತ ಯಾರ ಪುಸ್ತಕ ಬಿಡುಗಡೆಯಾದರೂ ನಾಲ್ಕು ಮಾತಾಡಲು ನನ್ನನ್ನು ಕರೆಯುತ್ತಾರೆ. ಹೋದ ವರ್ಷ ಸಾತನೂರಿನ ಬಸ್ ಕಂಡಕ್ಟರೊಬ್ಬರು ತಮ್ಮ ಮೊದಲ ಕಾದಂಬರಿ ಹಿಡಿದು ಬಂದರು. ಹುಳುಗಳು ಆಗತಾನೆ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಆಗಿನ ಅವುಗಳ ಹಸಿವು ಸಾಕಿದವರಿಗೇ ಗೊತ್ತು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪಿನ ಕೈಯಲ್ಲೇ ನಿಂತು ಮಾತಾಡಿದೆ.

"ನಮ್ಮವ್ವನೂ ಬತ್ತಳೆ ಮೇಡಂ. ಅವಳಿಗೆ ಓದಕ್ಕೆ ಬರಕಿಲ್ಲ. ಒಳಗೇನೈತೆ ಅಂತ ನಾನೂ ಹೇಳಿಲ್ಲ, ನಾಚ್ಕೆ ಆಯ್ತದೆ. ನಿಮ್ ಬಾಯಲ್ಲೇ ಕೇಳ್ಲಿ ಅಂತ."

"ಆಗ್ಲಿ ಬಿಡಪ್ಪ" ಎಂದು ಪುಸ್ತಕವನ್ನು ಫ್ರಿಜ್ಜಿನ ಮೇಲಿಟ್ಟೆ.

ಐದು ದಿನ ಅದು ಅಲ್ಲೇ ಇತ್ತು. ಅದರ ಮೇಲೆ ಕರೆಂಟ್ ಬಿಲ್ಲು, ಬಿಲ್ಲಿನ ಮೇಲೆ ಹೂವಿನ ಬುಟ್ಟಿ. ಹೊದಿಕೆಯಲ್ಲಿ ಒಬ್ಬ ಹೆಂಗಸಿನ ಹೆಸರು, ಒಂದು ಕೆರೆಯ ಚಿತ್ರ. ಅದೇ ಹೆಸರಿನ ಹಳೆಯ ಕಾದಂಬರಿಯೊಂದನ್ನು ಕಾಲೇಜಿನಲ್ಲಿ ಓದಿ ಅತ್ತಿದ್ದೆ. ಅದರ ನಾಯಕಿಯ ಹೆಸರೂ ಅದೇ. ಕೊನೆಗೆ ಕೆರೆಗೆ ಹಾರುತ್ತಾಳೆ. ಆ ಕಥೆಯನ್ನೇ ಇವರು ನಮ್ಮ ಕಡೆಯ ಮಾತಿನಲ್ಲಿ ಮತ್ತೆ ಬರೆದಿದ್ದಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಒಂದು ಪುಟ ತಿರುವಿದ್ದರೆ ಸಾಕಿತ್ತು. ತಿರುವಲಿಲ್ಲ. ಹುಳುವಿನ ನೆಪ ಹೇಳಬಹುದು, ಆದರೆ ಆ ಐದು ದಿನವೂ ಸಂಜೆಯ ಧಾರಾವಾಹಿ ತಪ್ಪಿಸಿರಲಿಲ್ಲ.

ಬಿಡುಗಡೆಯ ದಿನ ಅವರವ್ವ ಹೊಸ ಸೀರೆಯುಟ್ಟು ಮುಂದಿನ ಸಾಲಿನ ನಡುವೆ ಕೂತಿದ್ದರು; ಆಚೀಚೆ ತಂಗಿಯರು, ಸೊಸೆಯಂದಿರು. ಬಣ್ಣದ ಕಾಗದ ಬಿಚ್ಚಿ, ಪುಸ್ತಕ ಎತ್ತಿ ತೋರಿಸಿ, ಫೋಟೋ ತೆಗೆಸಿಕೊಂಡಿದ್ದಾಯಿತು. ನಾನು ಮೈಕ್ ಹಿಡಿದೆ. ನಾಯಕಿಯನ್ನು ಗಂಡ ಬಿಟ್ಟದ್ದು, ಊರು ಆಡಿಕೊಂಡದ್ದು ಎಲ್ಲ ಹೇಳಿ, ದನಿ ತಗ್ಗಿಸಿ, "ಕೊನೆಗೆ ಆ ತಾಯಿ ಕೆರೆಯ ಪಾಲಾದಳು" ಎಂದೆ.

"ಅಯ್ಯೋ, ನಾನ್ಯಾವಾಗ್ಲಾ ಕೆರೆಗ್ ಬಿದ್ದೆ?"

ಅವ್ವ ವೇದಿಕೆಯ ಮೇಲಿದ್ದ ಮಗನನ್ನು ಕೇಳುತ್ತಿದ್ದರು. ಸಭೆ ಗೊಳ್ಳೆಂದಿತು. "ನಿಮ್ಮಪ್ಪ ನನ್ ಬುಟ್ಟಿದ್ನಾ? ಯಾರ್ಲಾ ಹಂಗಂದೋರು?"

"ಸುಮ್ಕಿರಕ್ಕ, ಓದ್ದೋರು ಮಾತಾಡ್ತಾವ್ರೆ" ಎಂದು ತಂಗಿ ತಿವಿದರು.

ಹೊದಿಕೆಯ ಮೇಲಿದ್ದದ್ದು ಅವ್ವನ ಹೆಸರು ಎಂದು ನನಗೆ ಹೊಳೆದದ್ದೇ ಆಗ. ಮಗ ಎದ್ದು ನಿಂತರು.

"ಇಲ್ಲ ಕಣವ್ವ, ಅದು ನಿನ್ ಹೆಸ್ರಿಂದೇ ಇನ್ನೊಂದ್ ಹಳೇ ಪುಸ್ತಕ. ಮೇಡಂ ಮೊದ್ಲು ಅದ್ನ ಹೇಳಿ, ಆಮೇಲೆ ನಿಂದ್ ಹೇಳ್ತಾರೆ. ಒಸಿ ತಡಿ."

ನನ್ನ ಮಾನ ಉಳಿಸಲು ಆಡಿದ ಮಾತು. ನಾನು ನಾಚಿಕೆಯಿಲ್ಲದೆ ಅದನ್ನೇ ಹಿಡಿದುಕೊಂಡೆ. "ಹೌದು, ಹೌದು, ಅದಕ್ಕೇ ಬರ್ತಿದ್ದೆ" ಎಂದೆ. ಹೇಳಲು ಏನೂ ಇರಲಿಲ್ಲ. ಈ ಪುಸ್ತಕದ ತಾಯಿ ಬದುಕಿ ಗೆದ್ದವಳು ಎಂದೇನೋ ತೊದಲಿ ಕೂತೆ. ಶಾಲು ಹೊದಿಸಿದರು, ಹೊದಿಸಿಕೊಂಡೆ. ಅವ್ವ ಮಾತ್ರ ಇನ್ನೂ ಏನೋ ಬರುತ್ತದೆಂದು ನನ್ನ ಬಾಯನ್ನೇ ನೋಡುತ್ತಿದ್ದರು.

ಹುಳುಗಳು ಗೂಡು ಕಟ್ಟತೊಡಗಿದ ಮೇಲೆ ಕೈ ಬಿಡುವಾಯಿತು, ಪುಸ್ತಕ ಓದಿದೆ. ಹೊದಿಕೆಯ ಆ ಕೆರೆ, ಏಳು ತಿಂಗಳ ಬಸುರಿ ಅವ್ವ ಕೂಲಿಗೆ ಹೂಳು ಹೊತ್ತ ಕೆರೆ. ಅದು ಮೊದಲನೇ ಪುಟದಲ್ಲೇ ಇತ್ತು.

ಗೂಡು ಮಾರಿದ ಮಾರನೇ ದಿನ ಪುಸ್ತಕ ಹಿಡಿದು ಸಾತನೂರಿನ ಬಸ್ಸು ಹತ್ತಿದೆ. ಅವ್ವ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು.

"ತಪ್ಪಾಯ್ತು ಅಮ್ಮ. ನಾನವತ್ತು ಓದದೇ ಬಂದಿದ್ದೆ."

"ಗೊತ್ತು ಕಣವ್ವ. ನನ್ ಮಗ ಸುಳ್ ಹೇಳೋವಾಗ ಕಿವಿ ಮುಟ್ಕತನೆ. ಕೂತ್ಕೊ, ಈಗ ಓದು."

ಮೊರ ಪಕ್ಕಕ್ಕಿಟ್ಟು ಕೇಳಿದರು. ಕೆರೆಯ ಅಧ್ಯಾಯ ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಚಂದಾಗ್ ಬರ್ದವ್ನೆ. ಅವತ್ತು ನನ್ ತಂಗೀರು, ಸೊಸೇರು ಎಲ್ಲ ಇದ್ರು. ಅವ್ರ ಮುಂದೆ ಇದ್ನ ಹೇಳಿದ್ರೆ ಒಳ್ಳೇದಾಗಿರೋದು ಕಣವ್ವ."

ತಲೆ ಎತ್ತದೆ ಮುಂದಿನ ಪುಟ ತಿರುವಿದೆ.