ಎತ್ತಿ ಕುಡಿಯುವವರ ಮನೆಯ ಪಂಪು

ಅಕ್ಕನಿಗೆ ಉಬ್ಬಸ, ನನಗೆ ಅದರ ಚಿಂತೆ. ಎರಡರಲ್ಲಿ ಯಾವುದು ಹಳೆಯ ಕಾಯಿಲೆ ಎಂದು ಯಾರಾದರೂ ಕೇಳಿದರೆ ಭಾವ ಹಿಂದುಮುಂದು ನೋಡದೆ ನನ್ನ ಕಡೆ ಬೆರಳು ತೋರಿಸುತ್ತಿದ್ದರು.

ತೊಂಬತ್ತರ ದಶಕದ ಮಾತು. ಅವರ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನಾನು ಶಿವಮೊಗ್ಗದಲ್ಲಿ. ಅವರಿಗಿನ್ನೂ ಫೋನ್ ಬಂದಿರಲಿಲ್ಲ, ಎದುರು ಮನೆಯವರಿಗೆ ಬಂದಿತ್ತು. ಸಂಜೆ ನಾನು ಆಫೀಸಿನಿಂದ ಅಲ್ಲಿಗೆ ಫೋನ್ ಮಾಡುವುದು, ಎದುರು ಮನೆಯಾಕೆ ಗೇಟಿನ ಹತ್ತಿರ ಬಂದು ಕೂಗುವುದು, ಅಕ್ಕ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಓಡಿ ಬರುವುದು, ಇದು ವಾರಕ್ಕೆರಡು ಸಲ ನಡೆಯುತ್ತಿತ್ತು.

“ಹೇಗಿದೆ ಉಸಿರು?” ಎನ್ನುತ್ತಿದ್ದೆ.

“ಚೆನ್ನಾಗೇ ಇತ್ತು ಮಾರಾಯ. ನಿನ್ನ ಫೋನ್ ತಗೊಳ್ಳೋಕೆ ಓಡಿ ಬಂದೆ ನೋಡು, ಈಗ ಶುರುವಾಯ್ತು.”

ತಮಾಷೆ ಮಾಡುತ್ತಿದ್ದಳೇ ಹೊರತು ಅವಳಿಗೂ ಒಳಗೊಳಗೆ ಅಳುಕಿತ್ತು. ಅಕ್ಕ ಪ್ರೈಮರಿ ಶಾಲೆಯ ಟೀಚರು. ಅವಳು ಮಗ್ಗಿ ಹೇಳಿಕೊಟ್ಟರೆ ಪಕ್ಕದ ಕ್ಲಾಸಿನ ಮಕ್ಕಳೂ ಕಲಿತುಬಿಡುತ್ತಾರೆ ಅನ್ನುವಂಥ ಗಂಟಲು. ಆ ಗಂಟಲು ಹೋಗಿತ್ತು. ಎರಡು ಸಾಲು ಓದುವಷ್ಟರಲ್ಲಿ ಎದೆಯಲ್ಲಿ ಸಿಳ್ಳೆ. ಮಕ್ಕಳನ್ನು ಸುಮ್ಮನಿರಿಸಲು ಕೂಗುವ ಬದಲು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದಳು. ಮನೆಯಲ್ಲಿ ಭಾವನನ್ನು ಕರೆಯಬೇಕಾದರೂ ಬಾಗಿಲ ಮೇಲೆ ಲೋಟ ಬಡಿಯುವುದು. ಹಿಂದಿನ ಮಳೆಗಾಲದಲ್ಲಂತೂ ಆಸ್ಪತ್ರೆ ಸೇರಿ ಆಕ್ಸಿಜನ್ ಹಾಕಿಸಿಕೊಂಡು ಬಂದಿದ್ದಳು.

“ಈ ವರ್ಷದ ಪರೀಕ್ಷೆ ಒಂದು ಮುಗೀಲಿ. ಕೆಲಸ ಸಾಕು ಅಂತ ಬರೆದುಕೊಟ್ಟುಬಿಡ್ತೀನಿ” ಅಂದಳು ಒಂದು ದಿನ ನಾನು ಅವರ ಮನೆಗೆ ಹೋಗಿದ್ದಾಗ. ಹೇಳಿದ್ದು ನೆಲ ನೋಡಿಕೊಂಡು. ಸಂಬಳ ಇಲ್ಲದೆ ಅವರ ಸಂಸಾರವೇನೂ ನಿಲ್ಲುತ್ತಿರಲಿಲ್ಲ. ಆದರೆ ಕೂಗಾಡಲು ಒಂದು ಕೊಠಡಿ ತುಂಬ ಮಕ್ಕಳಿಲ್ಲದೆ ನನ್ನ ಅಕ್ಕ ಹೇಗಿರುತ್ತಾಳೆ ಎಂದು ನನಗೆ ಊಹಿಸಲಾಗಲಿಲ್ಲ.

ಶಿವಮೊಗ್ಗದ ಲೇಡಿ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಎರಡು ಪಂಪು, ಅಂದರೆ ಇನ್ಹೇಲರು, ಬರೆದುಕೊಟ್ಟರು. ನೀಲಿಯದು ದಮ್ಮು ಎದ್ದಾಗ ಮಾತ್ರ. ಕಂದು ಬಣ್ಣದ್ದು ದಿನಾ ಬೆಳಿಗ್ಗೆ, ರಾತ್ರಿ. ಉಬ್ಬಸ ಇರಲಿ ಬಿಡಲಿ, ತಪ್ಪಿಸುವ ಹಾಗಿಲ್ಲ. ಅದರ ಗುಣ ತಕ್ಷಣ ಕಾಣುವುದಿಲ್ಲ, ಕೆಲವು ವಾರ ಬೇಕು ಎಂದೂ ಹೇಳಿದರು.

ನನ್ನ ಹತ್ತಿರ ಪ್ರಶ್ನೆಗಳ ಗಂಟೇ ಇತ್ತು. ಪಂಪು ಅಂದರೆ ಕೊನೆಯ ಹಂತವಂತೆ, ಹೌದಾ? ಚಟ ಹಿಡಿಯುತ್ತಂತೆ? ಸ್ಟಿರಾಯ್ಡ್ ಅಂತೆ, ಮುಖ ಊದುತ್ತಾ? ಡಾಕ್ಟರು ತಾಳ್ಮೆಯಿಂದ, ಇದು ಸಣ್ಣ ಪ್ರಮಾಣ, ನೇರ ಶ್ವಾಸಕೋಶಕ್ಕೆ ಹೋಗುತ್ತೆ, ಚಟ ಗಿಟ ಏನೂ ಇಲ್ಲ ಎಂದು ವಿವರಿಸಿ, ಕೊನೆಗೆ ಅಕ್ಕನ ಕಡೆ ತಿರುಗಿ, “ಇವರಿಗೂ ಏನಾದ್ರೂ ಬರೆದುಕೊಡಲಾ?” ಎಂದು ಕೇಳಿದರು.

ಪಂಪು ತೆಗೆದುಕೊಳ್ಳುವುದು ಹೇಗೆಂದು ಅವರು ತೋರಿಸಿಯೂ ಕೊಟ್ಟರು. ನಾನು ನೋಡಲಿಲ್ಲ, ಆಗ ಔಷಧಿಯ ಡಬ್ಬದ ಮೇಲಿನ ಎಕ್ಸ್‌ಪೈರಿ ಹುಡುಕುತ್ತಿದ್ದೆ.

ವಾರಗಳು ಕಳೆದವು. ಕಂದು ಪಂಪು ಖಾಲಿಯಾದಾಗ ಗಾಂಧಿ ಬಜಾರಿನ ಮೆಡಿಕಲ್ ಶಾಪಿನಿಂದ ಹೊಸದು ಕೊಂಡು, ಬಸ್ಸಿನ ನೂಕುನುಗ್ಗಲಲ್ಲಿ ಒತ್ತಿಹೋದೀತೆಂದು ಎದೆಗವಚಿಕೊಂಡು ಒಯ್ದು ಕೊಟ್ಟೆ. ಸಿಳ್ಳೆ ಮಾತ್ರ ನಿಲ್ಲಲಿಲ್ಲ. ನಾನು ತನಿಖೆಗೆ ಇಳಿದೆ. ಕಾರ್ಖಾನೆಯ ಹೊಗೆ, ಸೀಮೆಸುಣ್ಣದ ಧೂಳು, ದಿಂಬಿನ ಹತ್ತಿ, ಭಾವನ ಅಗರಬತ್ತಿ, ಎದುರು ಮನೆಯ ಮಲ್ಲಿಗೆ ಬಳ್ಳಿ, ಎಲ್ಲರ ಮೇಲೂ ನನಗೆ ಅನುಮಾನ.

ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, “ಇಷ್ಟಕ್ಕೂ ಬಗ್ಗಲಿಲ್ಲ ಅಂದ್ರೆ ಸ್ಟಿರಾಯ್ಡ್ ಮಾತ್ರೆನೇ ಶುರು ಮಾಡಬೇಕಾಗುತ್ತೇನೋ” ಅಂದರು. ಅಕ್ಕ ನನ್ನ ಮುಖ ನೋಡಿದಳು. ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಷ್ಟೇ ಇತ್ತು.

“ಅದಕ್ಕೆ ಮುಂಚೆ, ದಿನಾ ಹೇಗೆ ತಗೋತೀರಿ ಒಂದ್ಸಲ ತೋರಿಸಿ.”

ಅಕ್ಕ ವ್ಯಾನಿಟಿ ಬ್ಯಾಗಿನಿಂದ ಕಂದು ಪಂಪು ತೆಗೆದಳು. ಮುಚ್ಚಳ ಬಿಚ್ಚಿ, ಅಲ್ಲಾಡಿಸಿ, ಕತ್ತು ಹಿಂದಕ್ಕೆ ವಾಲಿಸಿ, ಬಾಯಿ ತೆರೆದಳು. ಪಂಪನ್ನು ಮುಖದಿಂದ ಒಂದು ಗೇಣು ಎತ್ತರಕ್ಕೆ ಹಿಡಿದು ಒತ್ತಿದಳು. ಪುಸ್ಸೆಂದು ಬಂದ ಬಿಳಿ ಹೊಗೆ ಫ್ಯಾನಿನ ಗಾಳಿಗೆ ಸಿಕ್ಕಿ ಕ್ಯಾಲೆಂಡರಿನ ಕಡೆ ಹೋಯಿತು. ಬಾಯಿಗೆ ಹೋದದ್ದು ಏನಾದರೂ ಇದ್ದರೆ ಅದು ಪ್ರಸಾದದಷ್ಟು.

ಡಾಕ್ಟರು ಪೆನ್ನು ಕೆಳಗಿಟ್ಟರು.

ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ತಗೊಂಡಳು ಅನ್ನಿಸಿತು. ನಮ್ಮಿಬ್ಬರನ್ನು ಬೆಳೆಸಿದ್ದು ಅಜ್ಜಿ. ನೀರಾಗಲಿ ಕಾಫಿಯಾಗಲಿ ಎತ್ತಿಯೇ ಕುಡಿಯಬೇಕು. ಲೋಟದ ಅಂಚಿಗೆ ತುಟಿ ತಾಗಿತೋ, ಎಂಜಲಾದ ಲೋಟದ ಜೊತೆಗೆ ನಾವೂ ಹಿತ್ತಿಲಿಗೆ. ಬಿಸಿ ಕಾಫಿಯನ್ನೂ ಒಂದು ಹನಿ ಚೆಲ್ಲದೆ ಎತ್ತಿ ಕುಡಿಯುವುದರಲ್ಲಿ ಅಕ್ಕ ನನಗಿಂತ ಚುರುಕು. ಅದೇ ಕೈ, ಅದೇ ಗುರಿ.

“ನಾನು ಅವತ್ತು ಬಾಯೊಳಗೆ ಇಟ್ಟು ತೋರಿಸಿದ್ದೆನಲ್ಲ, ಟೀಚರ್?”

“ನೋಡಿದೆ ಡಾಕ್ಟ್ರೇ. ನಿಮಗೆ ಆಸ್ಪತ್ರೇಲಿ ನಡೆಯುತ್ತೆ. ಬೆಳಿಗ್ಗೆ ಒಂದ್ಸಲ ಬಾಯಿಗಿಟ್ಟಿದ್ದನ್ನೇ ರಾತ್ರಿ ಮತ್ತೆ ಬಾಯಿಗಿಡೋದು ಅಂದ್ರೆ… ಎಂಜಲಲ್ವಾ?”

“ಹಂಗಾದ್ರೆ ಇಷ್ಟು ದಿನದಲ್ಲಿ ನಿಮ್ಮನೆ ಸೊಳ್ಳೆಗಳ ಉಬ್ಬಸ ವಾಸಿಯಾಗಿರಬೇಕು” ಅಂದರು ಡಾಕ್ಟರು.

ಮೊದಲು ನಕ್ಕದ್ದು ಅಕ್ಕನೇ. ನಕ್ಕು ನಕ್ಕು ದಮ್ಮು ಬಂದು ನೀಲಿಯದನ್ನು ತೆಗೆಯಬೇಕಾಯಿತು. ಅದನ್ನೂ ಎತ್ತಿಯೇ ಹಿಡಿದಳು. ಡಾಕ್ಟರು ಎದ್ದು ಬಂದು ಅವಳ ಕೈಯನ್ನು ಕೆಳಗಿಳಿಸಿ, ಪಂಪಿನ ಬಾಯನ್ನು ಅವಳ ತುಟಿಗಳ ನಡುವೆ ಇಟ್ಟರು. “ಗಟ್ಟಿಯಾಗಿ ತುಟಿ ಮುಚ್ಚಿ. ಈಗ ಒತ್ತಿ. ಒತ್ತುತ್ತಾನೇ ನಿಧಾನವಾಗಿ ಎಳ್ಕೊಳ್ಳಿ. ಹಿಡ್ಕೊಳ್ಳಿ… ಹಿಡ್ಕೊಳ್ಳಿ… ಬಿಡಿ.” ಸ್ವಲ್ಪ ಹೊತ್ತಿಗೆ ಸಿಳ್ಳೆ ಇಳಿಯಿತು. ಅಕ್ಕ ಕಣ್ಣರಳಿಸಿದಳು.

“ಇದು ನಿಮ್ಮೊಬ್ಬರದೇ. ನಿಮ್ಮ ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ. ಇನ್ನೊಂದು, ಕಂದು ಪಂಪು ತಗೊಂಡ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ರೆ ಬಾಯಲ್ಲಿ ಹುಣ್ಣಾಗಬಹುದು.”

“ಮುಕ್ಕಳಿಸಲೇಬೇಕಾ?”

“ಮುಕ್ಕಳಿಸಲೇಬೇಕು.”

ಅಕ್ಕನ ಮುಖದಲ್ಲಿ ಸಮಾಧಾನ ಮೂಡಿತು. ಬಾಯಿ ಮುಕ್ಕಳಿಸಲು ಹೇಳುವ ಔಷಧಿ ಕೆಟ್ಟದ್ದಿರಲಾರದು ಎಂದು ಅಜ್ಜಿಯೇ ಎಲ್ಲಿಂದಲೋ ಒಪ್ಪಿಗೆ ಕೊಟ್ಟಂತಿತ್ತು.

ಪರೀಕ್ಷೆಯ ಹೊತ್ತಿಗೆ ಸ್ಕೇಲು ಮೇಜಿನ ಮೇಲೆ ಸುಮ್ಮನೆ ಮಲಗಿತ್ತು. ಕೆಲಸ ಬಿಡುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬೇಸಿಗೆ ರಜೆಯಲ್ಲಿ ಮತ್ತೆ ತೋರಿಸಲು ಹೋದಾಗ ಮಾತ್ರ, “ಈಗ ಪೂರ್ತಿ ಹುಷಾರಾಗಿದ್ದೀನಲ್ಲ, ಕಂದು ಪಂಪು ಬಿಟ್ಟುಬಿಡಲಾ?” ಎಂದು ಕೇಳಿದಳು.

ಡಾಕ್ಟರು ಕೇಳಿದರು, “ನೀವು ಕ್ಲಾಸಲ್ಲಿ ಇರುವಾಗ ಮಕ್ಕಳು ಸುಮ್ಮನೆ ಕೂತಿರ್ತಾರಲ್ಲ. ಸುಮ್ಮನಿದ್ದಾರೆ ಅಂತ ನೀವು ಎದ್ದು ಮನೆಗೆ ಹೋಗಿಬಿಟ್ರೆ?”

“ಅಯ್ಯೋ, ಶಾಲೆನೇ ಕಿತ್ತು ಹಾಕ್ತಾವೆ.”

“ಹಂಗೇ ಇದೂ. ಕಮ್ಮಿ ಮಾಡೋದಿದ್ರೆ ನಾನೇ ನೋಡಿ ಹೇಳ್ತೀನಿ. ನೀವಾಗಿ ನಿಲ್ಲಿಸಬೇಡಿ. ನೀಲಿಯದಕ್ಕೂ ದಮ್ಮು ಇಳೀದಿದ್ರೆ ಕಾಯ್ತಾ ಕೂರದೆ ಆಸ್ಪತ್ರೆಗೆ ಬನ್ನಿ.”

ಜೂನಿನಲ್ಲಿ ಶಾಲೆ ತೆರೆಯಿತು. ಅವಳಿಗೆ ಕೊಟ್ಟಿದ್ದು ಒಂದನೇ ಕ್ಲಾಸು, ಇಡೀ ಶಾಲೆಯಲ್ಲೇ ಅತಿ ಗದ್ದಲದ್ದು. ಆ ವಾರದ ಭಾನುವಾರ ಅವರ ಮನೆಗೆ ಹೋದಾಗ ಒಂದನೇ ಕ್ಲಾಸಿನವರನ್ನು ಮನಸಾರೆ ಬೈದಳು. ಬೈಗುಳದ ನಡುವೆ ಎಲ್ಲೂ ಉಸಿರಿಗಾಗಿ ನಿಲ್ಲಲಿಲ್ಲ. ಬಚ್ಚಲುಮನೆಯ ಗೂಡಿನಲ್ಲಿ ಹಲ್ಲುಪುಡಿಯ ಪಕ್ಕ ಕಂದು ಪಂಪು ಕೂತಿತ್ತು. ಅವಳು ಕೊಟ್ಟ ನೀರನ್ನು ಎತ್ತಿ ಕುಡಿದು ಹೊರಟೆ.

ಬೀದಿಯ ತಿರುವಿನವರೆಗೂ ಬಂದಿದ್ದೆ. ಹಿಂದಿನಿಂದ ಆ ಹಳೆಯ ಗಂಟಲು ಬಂತು:

“ಏಯ್! ಊರು ಮುಟ್ಟಿದ ತಕ್ಷಣ ಫೋನ್ ಮಾಡಬೇಡ್ವೋ ಮಾರಾಯ! ನಾನು ಚೆನ್ನಾಗೇ ಇದ್ದೀನಿ!”

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಎದುರು ಮನೆಯಾಕೆ ಗೇಟಿನ ಹತ್ತಿರ ಬಂದು ನಗುತ್ತಾ ನಿಂತಿದ್ದರು. ಅವರಿಗೂ ಬಿಡುವು ಸಿಕ್ಕಿತೆನ್ನಿಸಿರಬೇಕು.

ಅವತ್ತು ಫೋನ್ ಮಾಡಲಿಲ್ಲ. ಮರುದಿನ ಮಾಡಿದೆ.